ಅಟ್ಟಣೆಯಿಂದ ಇಳಿಯುವ ದಾರಿ

ಕಾಕನಕೋಟೆ ಕಾಡಿನ ಅಂಚಿನ ಹೊಲಗಳಲ್ಲಿ ರಾಗಿ ತೆನೆ ಕಟ್ಟುವ ಹೊತ್ತಿಗೆ ಗಂಡಸರು ರಾತ್ರಿ ಮನೆಯಲ್ಲಿ ಮಲಗುವುದಿಲ್ಲ, ಅಟ್ಟಣೆ ಏರುತ್ತಾರೆ. ಜೊತೆಗೆ ಕಂಬಳಿ, ಟಾರ್ಚು, ಒಂದಿಷ್ಟು ಪಟಾಕಿ, ಬಡಿಯಲು ಖಾಲಿ ಡಬ್ಬ. ಆನೆ ಬರುತ್ತದೋ ಇಲ್ಲವೋ ಬೇರೆ ಮಾತು. ಬಂದೀತು ಎನ್ನುವ ಎಚ್ಚರವೇ ಕಾವಲು. ಹುಣಸೂರು, ಪಿರಿಯಾಪಟ್ಟಣದ ಕಡೆಗೆ ಬಂದರೆ ಕಾಯಬೇಕಾದದ್ದು ಹೊಗೆಸೊಪ್ಪು ಒಣಗಿಸಿ ಹದಮಾಡುವ ಬ್ಯಾರನ್. ಸೊಪ್ಪು ತುಂಬಿ ಬೆಂಕಿ ಹಾಕಿದ ಮೇಲೆ ಐದಾರು ದಿನ ಹಗಲಿರುಳೂ ಕಾವನ್ನು 35 ಡಿಗ್ರಿ ಆಸುಪಾಸಿನಿಂದ 70ರವರೆಗೆ ಮೆಲ್ಲಮೆಲ್ಲಗೆ ಏರಿಸುತ್ತ ಹೋಗಬೇಕು. ಒಂದು ರಾತ್ರಿ ಕಣ್ಣು ಮುಚ್ಚಿಹೋದರೆ ತುಂಬಿದ ಸೊಪ್ಪೆಲ್ಲ ಕೆಡಬಹುದು.

ಲೈಂಗಿಕ ಚಿಕಿತ್ಸೆಯ ಮಾತನ್ನು ಇಲ್ಲಿಂದಲೇ ಶುರು ಮಾಡಲು ಕಾರಣವಿದೆ. ಕಾವಲಿನಲ್ಲಿರುವ ದೇಹ ಕೂಡುವುದಕ್ಕೆ ಒಲ್ಲದು. ನಮ್ಮ ಸೀಮೆಯಲ್ಲಿ ಎಷ್ಟೋ ಗಂಡಹೆಂಡಿರ ಕಷ್ಟದ ಗುಟ್ಟು ಈ ಒಂದು ಮಾತಿನಲ್ಲಿದೆ. ಅವರು ಅಟ್ಟಣೆಯಿಂದ ಇಳಿದು ಮನೆಗೆ ಬಂದಿರುತ್ತಾರೆ, ಅವರ ನರಮಂಡಲ ಮಾತ್ರ ಇನ್ನೂ ಮೇಲೆಯೇ ಕೂತಿರುತ್ತದೆ.

ಈ ಅಧ್ಯಾಯದುದ್ದಕ್ಕೂ ಒಂದು ಜೋಡಿ ನಮ್ಮ ಜೊತೆಗಿರಲಿ. ಅವರು ನಾನು ಕಟ್ಟಿಕೊಂಡವರು, ನಿಜದ ಯಾರೂ ಅಲ್ಲ. ಅವನಿಗೆ 38, ಅವಳಿಗೆ 32. ಮೂರು ಎಕರೆ ಹೊಗೆಸೊಪ್ಪು, ಒಂದು ಬ್ಯಾರನ್, ಸಾಲ, ಎರಡು ಮಕ್ಕಳು, ನಡುಮನೆಯಲ್ಲಿ ಮಲಗುವ ತಾಯಿ. ಒಂದು ವರ್ಷದಿಂದ ಅವನಿಗೆ ‘ಆಗುತ್ತಿಲ್ಲ’. ಮೊದಲ ಸಲ ದಣಿವು ಅಂದುಕೊಂಡ. ಎರಡನೆಯ ಸಲ ಹೆದರಿದ. ಮೂರನೆಯ ಸಲದಿಂದ ಬ್ಯಾರನ್ ಕೆಲಸ ಮುಗಿದ ಮೇಲೂ ಬ್ಯಾರನ್ ಹತ್ತಿರವೇ ಮಲಗತೊಡಗಿದ. ಹೆಂಡತಿ ತನ್ನ ಮನಸ್ಸಿನಲ್ಲೇ ಲೆಕ್ಕ ಹಾಕಿದಳು: ಇವನಿಗೆ ನಾನು ಬೇಡವಾಗಿದ್ದೇನೆ. ಅವನ ಲೆಕ್ಕ ಬೇರೆ: ನಾನು ಗಂಡಸೇ ಅಲ್ಲವಾಗಿದ್ದೇನೆ. ಎರಡೂ ತಪ್ಪು ಲೆಕ್ಕ. ಆದರೆ ಒಬ್ಬರದು ಇನ್ನೊಬ್ಬರಿಗೆ ತಿಳಿಯಬೇಕಾದರೆ ಬಾಯಿ ಬಿಡಬೇಕಲ್ಲ.

ಬಾಯಿ ಬಿಡಲು ನಮ್ಮಲ್ಲಿ ಪದವಿಲ್ಲ. ಒಂದು ಕಡೆ ಬೈಗುಳ, ಇನ್ನೊಂದು ಕಡೆ ಪಠ್ಯಪುಸ್ತಕದ ಸಂಸ್ಕೃತ. ಕಾಡಿನ ಆಚೆ ಬದಿಯ ಕೊಡಗಿನಲ್ಲಿ, ದೇವರಪುರದ ಕುಂಡೆ ಹಬ್ಬದಂದು ಜೇನುಕುರುಬರು, ಯರವರು ವರ್ಷಕ್ಕೊಮ್ಮೆ ಬಾಯ್ತುಂಬ ಅಶ್ಲೀಲ ಹಾಡಿ ಕುಣಿಯುತ್ತಾರೆ. ಆ ಒಂದು ದಿನದ ಸ್ವಾತಂತ್ರ್ಯ ಉಳಿದ ದಿನಗಳಲ್ಲಿ ಯಾರಿಗೂ ಇಲ್ಲ. ಆಸ್ಪತ್ರೆಯ ಕೋಣೆಯಲ್ಲಿ ಜನ ಆಡುವ ಮಾತು ಸುತ್ತಿ ಬಳಸಿ ಬರುತ್ತದೆ. ‘ಸುಸ್ತು ಸಾರ್’, ‘ನರ ವೀಕು’, ‘ಧಾತು ಹೋಗುತ್ತೆ’, ‘ಸಂಸಾರ ಮಾಡೋಕೆ ಶಕ್ತಿ ಇಲ್ಲ’. ಹೆಂಗಸರು ಇನ್ನೂ ಸುತ್ತು ಹಾದಿಯಲ್ಲಿ ಬರುತ್ತಾರೆ. ಸೊಂಟನೋವು, ಬಿಳಿಸೆರಗು, ತಲೆ ತಿರುಗು. ಗೋವಾದಲ್ಲಿ ವಿಕ್ರಮ್ ಪಟೇಲ್ ಮತ್ತು ಸಂಗಡಿಗರು ಬಿಳಿಸೆರಗಿನ ದೂರು ಹೇಳಿದ ಹೆಂಗಸರನ್ನು ಪರೀಕ್ಷಿಸಿದಾಗ, ಆ ದೂರಿಗೆ ಸೋಂಕಿಗಿಂತಲೂ ಹೆಚ್ಚಾಗಿ ಮನಸ್ಸಿನ ಬೇಗುದಿ, ಸಂಸಾರದ ಕಷ್ಟಗಳ ನಂಟು ಕಂಡಿತ್ತು. ಸೊಂಟದ ಮಾತ್ರೆ ಬರೆದು ಕಳಿಸುವ ಮೊದಲು ‘ಮನೇಲಿ ಹೇಗಿದ್ದೀರವ್ವ’ ಎಂದು ಕೇಳುವ ಡಾಕ್ಟರು ಅರ್ಧ ಚಿಕಿತ್ಸೆ ಮಾಡಿದಂತೆಯೇ.

ಅಮೆರಿಕದ ಜಾಕ್ ಆನನ್ ಎಂಬ ಮನಶ್ಶಾಸ್ತ್ರಜ್ಞ 1976ರಲ್ಲಿ ಇದನ್ನೇ ಒಂದು ಕ್ರಮಕ್ಕೆ ತಂದ. ಮೊದಲ ಮೆಟ್ಟಿಲು, ಮಾತಾಡಲು ಅಪ್ಪಣೆ. ಎರಡನೆಯದು ಒಂದಿಷ್ಟು ಸರಿಯಾದ ತಿಳಿವಳಿಕೆ. ಮೂರನೆಯದು ಅವರವರ ಕಷ್ಟಕ್ಕೆ ತಕ್ಕ ಸಲಹೆ. ಕೊನೆಯದಷ್ಟೇ ದೀರ್ಘ ಚಿಕಿತ್ಸೆ. ಹೆಚ್ಚಿನವರಿಗೆ ಮೊದಲ ಎರಡು ಮೂರು ಮೆಟ್ಟಿಲುಗಳೇ ಸಾಕಾಗುತ್ತವೆ. ಅಪ್ಪಣೆ ಕೊಡಲು ದೊಡ್ಡ ಪದವಿ ಬೇಡ. ತಾಲ್ಲೂಕು ಆಸ್ಪತ್ರೆಯ ನರ್ಸಮ್ಮ ಮುಖ ಸಿಂಡರಿಸದೆ ಕೇಳಿಸಿಕೊಂಡರೂ ಅದು ಅಪ್ಪಣೆಯೇ.

ಈಗ ದೇಹದ ಒಳಗಿನ ಕೆಲಸ ನೋಡೋಣ. ಶಿಶ್ನದಲ್ಲಿ ಮೂಳೆಯಿಲ್ಲ, ನಿಮಿರಿಸುವ ಸ್ನಾಯುವೂ ಇಲ್ಲ. ಇರುವುದು ಸ್ಪಂಜಿನಂಥ ಅಂಗಾಂಶ, ಅದರೊಳಗೆ ಸಣ್ಣ ಸಣ್ಣ ನಯಸ್ನಾಯುಗಳ ಗೋಡೆ. ಈ ಸ್ನಾಯುಗಳು ಬಿಗಿಯಾಗಿರುವಷ್ಟು ಹೊತ್ತು ರಕ್ತ ಒಳನುಗ್ಗುವುದಿಲ್ಲ. ಹಾಗೆ ಬಿಗಿ ಹಿಡಿದಿಡುವುದು ನಾರ್‌ಅಡ್ರಿನಾಲಿನ್, ಅಂದರೆ ಆನೆ ಘೀಳಿಟ್ಟಾಗ ಎದೆ ಬಡಿತ ಏರಿಸುವ ಅದೇ ರಾಸಾಯನಿಕ. ಬೆನ್ನುಹುರಿಯ ತುದಿಯ ನರಗಳು ನೈಟ್ರಿಕ್ ಆಕ್ಸೈಡ್ ಎಂಬ ಅನಿಲವನ್ನು ಸೂಸಿದಾಗ ಸ್ನಾಯು ಸಡಿಲವಾಗುತ್ತದೆ, ರಕ್ತ ತುಂಬುತ್ತದೆ. ಹಾಗಾದರೆ ನಿಮಿರುವಿಕೆ ಎಂದರೆ ಬಲ ಹಾಕುವ ಕ್ರಿಯೆಯಲ್ಲ, ಸಡಿಲಗೊಳ್ಳುವ ಕ್ರಿಯೆ. ಗಂಡಸುತನವೆಂದರೆ ಬಿಗಿ, ಜೋರು, ಹಟ ಎಂದು ನಂಬಿ ಬೆಳೆದವರಿಗೆ ಇದನ್ನು ಒಪ್ಪುವುದು ಕಷ್ಟ. ನನಗೆ ಇಡೀ ಶರೀರಶಾಸ್ತ್ರದಲ್ಲಿ ಇದಕ್ಕಿಂತ ಸುಂದರವಾದ ಸಂಗತಿ ಕಂಡಿಲ್ಲ.

ಇನ್ನೊಂದು ಸಂಗತಿ. ಆರೋಗ್ಯವಂತ ಗಂಡಸಿಗೆ ರಾತ್ರಿ ನಿದ್ದೆಯಲ್ಲಿ ಮೂರರಿಂದ ಐದು ಸಲ ತಾನಾಗಿ ನಿಮಿರುತ್ತದೆ. ಕನಸು ಬೀಳುವ ಹಂತದಲ್ಲಿ ಮಿದುಳಿನ ನಾರ್‌ಅಡ್ರಿನಾಲಿನ್ ಕೋಶಗಳು ಪೂರ್ತಿ ಸುಮ್ಮನಾಗುತ್ತವೆ. ಕಾವಲುಗಾರ ಮಲಗುತ್ತಾನೆ, ಬಾಗಿಲು ತೆರೆಯುತ್ತದೆ. ಬೆಳಗ್ಗೆ ಎದ್ದಾಗ ಕಾಣುವುದು ಅದರಲ್ಲಿ ಕೊನೆಯದು. ‘ಬೆಳಗಿನ ಜಾವ ಹೇಗಿರುತ್ತೆ’ ಎಂದು ವೈದ್ಯರು ಕೇಳುವುದು ಅದಕ್ಕೇ. ಬೆಳಗ್ಗೆ ಸರಿಯಿದ್ದು ಹೆಂಡತಿಯ ಬಳಿ ಮಾತ್ರ ಕೈಕೊಟ್ಟರೆ ರಕ್ತನಾಳ, ನರಗಳು ಬಹುಪಾಲು ನೆಟ್ಟಗಿವೆ, ತೊಂದರೆ ಕಾವಲಿನಲ್ಲಿದೆ ಎಂದು ಊಹಿಸಬಹುದು. ಆದರೆ ತಿಂಗಳುಗಟ್ಟಲೆ ನಿದ್ದೆಗೆಟ್ಟವನಿಗೆ ಕನಸಿನ ನಿದ್ದೆಯೇ ಕಡಿಮೆ. ಷಿಕಾಗೋ ವಿಶ್ವವಿದ್ಯಾಲಯದವರು 2011ರಲ್ಲಿ ಪ್ರಕಟಿಸಿದ ಒಂದು ಸಣ್ಣ ಪ್ರಯೋಗದಲ್ಲಿ 10 ಮಂದಿ ಯುವಕರನ್ನು ಒಂದು ವಾರ ದಿನಕ್ಕೆ 5 ಗಂಟೆ ಮಾತ್ರ ಮಲಗಿಸಿದಾಗ ಅವರ ಟೆಸ್ಟೋಸ್ಟಿರೋನ್ ಮಟ್ಟ ಶೇ. 10ರಿಂದ 15ರಷ್ಟು ಇಳಿದಿತ್ತು. ಬ್ಯಾರನ್ ಕಾಯುವವನ ವಾರ ಒಂದಲ್ಲ, ಸುಗ್ಗಿ ಪೂರ್ತಿ.

ನಮ್ಮ ಜೋಡಿಯ ಗಂಡ ಮೊದಲು ಹೋದದ್ದು ಡಾಕ್ಟರ ಹತ್ತಿರವಲ್ಲ. ಬಸ್ ನಿಲ್ದಾಣದ ಗೋಡೆಗೆ ಅಂಟಿಸಿದ ‘ಗುಪ್ತರೋಗ’ದ ಚೀಟಿ ನೋಡಿ ಲಾಡ್ಜಿಗೆ ಹೋದ. ಜಾತ್ರೆಯ ಡೇರೆಯಲ್ಲಿ ಬೇರು, ಎಣ್ಣೆ, ಉಡದ ಕೊಬ್ಬು ಎಂದು ಮಾರುವವರೂ ಇದ್ದಾರೆ. ಇಂಥ ಪುಡಿಗಳಲ್ಲಿ ಹೆಸರು ಹೇಳದೆ ಸಿಲ್ಡೆನಾಫಿಲ್ ಬೆರೆಸುವುದು ಜಗತ್ತಿನ ಹಲವು ಕಡೆ ಪ್ರಯೋಗಾಲಯಗಳಲ್ಲಿ ಸಿಕ್ಕಿಬಿದ್ದಿದೆ. ಸಿಲ್ಡೆನಾಫಿಲ್ ಒಳ್ಳೆಯ ಔಷಧಿ. ಅಮೆರಿಕದಲ್ಲಿ 1998ರಲ್ಲಿ ವಯಾಗ್ರ ಎಂಬ ಹೆಸರಿನಲ್ಲಿ ಒಪ್ಪಿಗೆ ಪಡೆಯಿತು. ನೈಟ್ರಿಕ್ ಆಕ್ಸೈಡಿನ ಕೆಲಸ ಕಂಡುಹಿಡಿದವರಿಗೆ ನೊಬೆಲ್ ಬಂದದ್ದೂ ಅದೇ ವರ್ಷ. ಆದರೆ ಎದೆನೋವಿಗೆ ನಾಲಿಗೆ ಕೆಳಗೆ ನೈಟ್ರೇಟ್ ಮಾತ್ರೆ ಇಟ್ಟುಕೊಳ್ಳುವವರು ಇದನ್ನು ನುಂಗಿದರೆ ರಕ್ತದೊತ್ತಡ ಕುಸಿದು ಪ್ರಾಣಕ್ಕೇ ಬರಬಹುದು. ಪುಡಿಯಲ್ಲಿ ಏನಿದೆ ಎಂದು ಗೊತ್ತಿಲ್ಲದೆ ತಿಂದವನಿಗೆ ಎಚ್ಚರಿಸುವವರು ಯಾರು? ಮನಸ್ಸು ಅರಳದಿದ್ದರೆ, ಹೆದರಿಕೆ ಇಳಿಯದಿದ್ದರೆ ಈ ಮಾತ್ರೆಯೂ ಅಷ್ಟಾಗಿ ಕೆಲಸ ಮಾಡುವುದಿಲ್ಲ. ಬರುವ ನೈಟ್ರಿಕ್ ಆಕ್ಸೈಡಿನ ಪರಿಣಾಮವನ್ನು ಅದು ಉಳಿಸಿಕೊಡುತ್ತದೆ, ಬಾರದ್ದನ್ನು ತರುವುದಿಲ್ಲ.

ಧಾತುವಿನ ಭಯದ್ದೇ ಒಂದು ದೊಡ್ಡ ಕಥೆ. ಇಷ್ಟು ಹನಿ ರಕ್ತ ಸೇರಿ ಒಂದು ಹನಿ ವೀರ್ಯ, ಅದು ಹೋದರೆ ಆಯುಸ್ಸೇ ಹೋಯಿತು ಎಂಬ ನಂಬಿಕೆ. ಮನೋವೈದ್ಯ ಎನ್.ಎನ್. ವಿಗ್ ಇದರಿಂದ ಬರುವ ಬಳಲಿಕೆ, ಖಿನ್ನತೆಗೆ 1960ರಲ್ಲಿ ‘ಧಾತ್ ಸಿಂಡ್ರೋಮ್’ ಎಂದು ಹೆಸರಿಟ್ಟರು. ವೀರ್ಯದ ಹೆಚ್ಚು ಪಾಲು ವೀರ್ಯಕೋಶ ಮತ್ತು ಪ್ರಾಸ್ಟೇಟ್ ಗ್ರಂಥಿಗಳ ದ್ರವ. ಬಾಯಿಯ ಜೊಲ್ಲಿನಂತೆ ದಿನವೂ ಊರುವಂಥದ್ದು. ಹಸ್ತಮೈಥುನದಿಂದಾಗಲಿ ಸ್ವಪ್ನಸ್ಖಲನದಿಂದಾಗಲಿ ಯಾರೂ ಬಡವಾಗುವುದಿಲ್ಲ. ಹತ್ತೊಂಬತ್ತರ ಹುಡುಗನಿಗೆ ಇದನ್ನು ಹತ್ತು ನಿಮಿಷ ಕೂರಿಸಿ ಹೇಳಿದರೆ ವರ್ಷಗಳ ಭಾರ ಇಳಿಯುತ್ತದೆ. ಜೋಡಿಯಿಲ್ಲದ ಒಬ್ಬಂಟಿಗೂ ಲೈಂಗಿಕ ಚಿಕಿತ್ಸೆ ಬೇಕಾಗುವುದು ಹೀಗೆ. ತನಗೆ ಹುಡುಗಿಯರ ಮೇಲೆ ಮನಸ್ಸು ಹೋಗುತ್ತಿಲ್ಲ, ಹುಡುಗರ ಮೇಲೆ ಹೋಗುತ್ತದೆ ಎಂದು ನಡುಗುತ್ತ ಬರುವವನಿಗೂ ಬೇಕು. ಅವನಿಗೆ ಚಿಕಿತ್ಸೆಯೆಂದರೆ ಅವನನ್ನು ಬದಲಿಸುವುದಲ್ಲ. ಹಾಗೆ ಬದಲಿಸಹೊರಡುವುದನ್ನು ರಾಷ್ಟ್ರೀಯ ವೈದ್ಯಕೀಯ ಆಯೋಗ 2022ರಲ್ಲೇ ವೃತ್ತಿ ದುರ್ನಡತೆ ಎಂದಿದೆ.

‘ಬೇಗ ಆಗೋಗುತ್ತೆ’ ಎಂಬ ದೂರಿಗೂ ಒಂದು ಅಂಕಿ ಹೇಳಬೇಕು. ನೆದರ್ಲೆಂಡ್ಸಿನ ಮಾರ್ಸೆಲ್ ವಾಲ್ಡಿಂಗರ್ ತಂಡ ಐದು ದೇಶಗಳ ಸುಮಾರು 500 ಜೋಡಿಗಳ ಕೈಗೆ ಸ್ಟಾಪ್‌ವಾಚ್ ಕೊಟ್ಟು ಲೆಕ್ಕ ತೆಗೆದು 2005ರಲ್ಲಿ ಪ್ರಕಟಿಸಿತು. ಒಳಸೇರಿದ ಮೇಲೆ ಸ್ಖಲನಕ್ಕೆ ಹಿಡಿದ ಹೊತ್ತಿನ ನಡುವಿನ ಅಂಕಿ 5.4 ನಿಮಿಷ. ಮೊಬೈಲಿನಲ್ಲಿ ನೋಡಿದ ಅರ್ಧ ಗಂಟೆಯನ್ನು ಅಳತೆಗೋಲು ಮಾಡಿಕೊಂಡು ತನ್ನನ್ನು ರೋಗಿ ಎಂದುಕೊಂಡವರಿಗೆ ಈ ಅಂಕಿಯೇ ಮದ್ದು. ನಿಜಕ್ಕೂ ಒಂದು ನಿಮಿಷದೊಳಗೇ ಆಗಿ ಇಬ್ಬರಿಗೂ ಬೇಸರವಾಗುವವರಿಗೆ ಜೇಮ್ಸ್ ಸೀಮನ್ಸ್ 1956ರಲ್ಲಿ ವಿವರಿಸಿದ, ತುದಿ ಮುಟ್ಟುವ ಮುಂಚೆ ನಿಲ್ಲಿಸಿ ಮತ್ತೆ ಶುರು ಮಾಡುವ ಅಭ್ಯಾಸವಿದೆ, ಔಷಧಿಯೂ ಇದೆ.

ಕೊನೆಗೆ ನಮ್ಮ ಗಂಡ ಡಾಕ್ಟರ ಹತ್ತಿರ ಬಂದ. ಒಳ್ಳೆಯ ಚಿಕಿತ್ಸಕರು ಮನಸ್ಸಿನ ಮಾತಿಗೆ ಇಳಿಯುವ ಮೊದಲು ದೇಹವನ್ನು ನೋಡುತ್ತಾರೆ. ಸಕ್ಕರೆ, ರಕ್ತದೊತ್ತಡ, ಕೊಬ್ಬು, ಥೈರಾಯ್ಡ್, ಬೇಕಾದರೆ ಹಾರ್ಮೋನು. ನುಂಗುತ್ತಿರುವ ಮಾತ್ರೆಗಳ ಪಟ್ಟಿ, ಯಾಕೆಂದರೆ ಬಿ.ಪಿ.ಯ ಕೆಲವು ಔಷಧಿ, ಖಿನ್ನತೆಯ ಹಲವು ಔಷಧಿಗಳಿಂದಲೂ ಈ ತೊಂದರೆ ಬರುತ್ತದೆ. ಕುಡಿತ, ಬೀಡಿ, ಸಿಗರೇಟು. ಬೀಡಿಯ ಮಾತು ನಮ್ಮ ಸೀಮೆಯಲ್ಲಿ ಆಡುವುದು ಕಷ್ಟ, ಆದರೂ ಆಡಲೇಬೇಕು. ಹೊಗೆ ರಕ್ತನಾಳದ ಒಳಪದರವನ್ನು ಕೆಡಿಸುತ್ತದೆ, ನೈಟ್ರಿಕ್ ಆಕ್ಸೈಡ್ ಹುಟ್ಟುವುದು ಅಲ್ಲೂ ಹೌದು. ಶಿಶ್ನದ ರಕ್ತನಾಳ 1ರಿಂದ 2 ಮಿಲಿಮೀಟರ್ ಅಗಲ, ಹೃದಯದ ನಾಳ 3ರಿಂದ 4. ಕೊಬ್ಬು ಕಟ್ಟತೊಡಗಿದರೆ ಮೊದಲು ಮುಚ್ಚುವುದು ಸಣ್ಣ ಕಾಲುವೆಯೇ. ಹೃದಯಾಘಾತಕ್ಕೆ ಕೆಲವು ವರ್ಷ ಮುಂಚಿನ ಸೂಚನೆ ಹಾಸಿಗೆಯಲ್ಲಿ ಸಿಗುವುದುಂಟು. ನಲವತ್ತರ ಆಸುಪಾಸಿನಲ್ಲಿ ಹೀಗಾದರೆ ನಾಚಿಕೆಗೆ ಸುಮ್ಮನಿರಬಾರದು, ಎದೆಯ ಪರೀಕ್ಷೆಯೂ ಆಗಬೇಕು.

ಅವನ ಪರೀಕ್ಷೆಗಳು ಸರಿಯಿದ್ದವು ಎಂದಿಟ್ಟುಕೊಳ್ಳೋಣ. ‘ಮುಂದಿನ ಸಲ ಮನೆಯವರನ್ನೂ ಕರಕೊಂಡು ಬನ್ನಿ’ ಎಂದರು ಚಿಕಿತ್ಸಕರು. ಅವಳು ಬಂದಳು, ಮುಖ ತಗ್ಗಿಸಿ ಕೂತಳು. ಒಟ್ಟಿಗೆ ಒಂದಿಷ್ಟು ಹೊತ್ತು, ಒಬ್ಬೊಬ್ಬರನ್ನೇ ಒಂದಿಷ್ಟು ಹೊತ್ತು ಮಾತಾಡಿಸಿದರು. ಒಬ್ಬೊಬ್ಬರನ್ನೇ ಕೂರಿಸುವುದಕ್ಕೆ ಮುಖ್ಯ ಕಾರಣ, ಹೊಡೆತ ಬಡಿತ ಇದೆಯೇ, ಬಲವಂತ ಇದೆಯೇ ಎಂದು ತಿಳಿಯುವುದು. ಅದಿದ್ದರೆ ಜೋಡಿಯ ಚಿಕಿತ್ಸೆ ಅಲ್ಲಿಗೇ ನಿಲ್ಲಬೇಕು, ಮೊದಲು ಅವಳ ಸುರಕ್ಷತೆ. ಹೆಂಡತಿಯನ್ನು ಒಪ್ಪಿಸಿ ಕಳಿಸುವ ಅಂಗಡಿ ಇದಲ್ಲ. ಮದುವೆ ಎನ್ನುವುದು ಹೆಂಡತಿಯ ಮೇಲೆ ಬಲವಂತಕ್ಕೆ ಪರವಾನಗಿಯಲ್ಲ ಎಂಬ ನಿಲುವು ತಳೆದು, ಗಂಡನ ಮೇಲಿನ ಅತ್ಯಾಚಾರದ ಆರೋಪ ಕೈಬಿಡಲು ಕರ್ನಾಟಕ ಹೈಕೋರ್ಟ್ ಮಾರ್ಚ್ 2022ರಲ್ಲಿ ಒಪ್ಪಲಿಲ್ಲ. ಕಾನೂನಿನ ಪುಸ್ತಕದಲ್ಲಿ ಗಂಡನಿಗಿರುವ ವಿನಾಯಿತಿ ಹಾಗೇ ಉಳಿದಿದೆ. ಚಿಕಿತ್ಸೆಯ ಕೋಣೆಯಲ್ಲಿ ಆ ವಿನಾಯಿತಿಗೆ ಜಾಗವಿಲ್ಲ.

ಅವಳು ಒಂಟಿಯಾಗಿ ಹೇಳಿದ್ದು ಹೀಗೆ: ‘ಸೊಪ್ಪು ಮುರಿಯೋ ಕಾಲದಲ್ಲಿ ನನ್ನ ಕೈ ನನಗೇ ಅಸಹ್ಯ ಆಗುತ್ತೆ.’ ಹಸಿ ಹೊಗೆಸೊಪ್ಪು ಮುರಿದು ಕಡ್ಡಿಗೆ ಕಟ್ಟುವ ಕೈಗೆ ಅಂಟು ಮೆತ್ತಿ ಕಪ್ಪಾಗುತ್ತದೆ, ತೊಳೆದರೂ ಬಿಡದು, ಅನ್ನ ಕಲಸಿದರೆ ಕಹಿ. ಇಬ್ಬನಿಯಲ್ಲಿ ನೆನೆದ ಎಲೆಯಿಂದ ನಿಕೋಟಿನ್ ಚರ್ಮದ ಮೂಲಕವೇ ಒಳಗಿಳಿದು ವಾಕರಿಕೆ, ತಲೆಸುತ್ತು ತರುತ್ತದೆ. ಆ ದಿನಗಳಲ್ಲಿ ಅವಳು ಗಂಡನಿಂದ ಸರಿದು ಮಲಗಿದ್ದು ಅದಕ್ಕೆ. ಅವನು ಅದನ್ನು ತನ್ನ ಸೋಲಿನ ಖಾತೆಗೆ ಬರೆದುಕೊಂಡಿದ್ದ. ಹೀಗೆ ಒಂದು ಗಂಟೆಯ ಮಾತಿನಲ್ಲಿ ಒಂದು ವರ್ಷದ ಗಂಟು ಸಡಿಲಾಯಿತು.

ಆಮೇಲೆ ಚಿಕಿತ್ಸಕರು ಹೇಳಿದ ಮೊದಲ ಮಾತು ಇಬ್ಬರಿಗೂ ಅಚ್ಚರಿ ತರುವಂಥದ್ದು: ‘ಇನ್ನು ಕೆಲವು ವಾರ ಸೇರುವುದು ಬೇಡ.’ ಸೇಂಟ್ ಲೂಯಿಸ್ ನಗರದ ವಿಲಿಯಂ ಮಾಸ್ಟರ್ಸ್, ವರ್ಜೀನಿಯಾ ಜಾನ್ಸನ್ 1970ರ ತಮ್ಮ ಪುಸ್ತಕದಲ್ಲಿ ಜಗತ್ತಿಗೆ ಕೊಟ್ಟ ಉಪಾಯವಿದು. ಸೋಲುತ್ತೇನೆ ಎಂದು ಹೆದರುವವನು ಕೂಡುವಾಗಲೂ ಹೊರಗೆ ನಿಂತು ತನ್ನನ್ನೇ ಕಾಯುತ್ತಿರುತ್ತಾನೆ, ಈಗ ಸರಿಯಿದೆಯೇ, ಈಗ ಇಳಿಯಿತೇ ಎಂದು. ಆ ಕಾವಲಿನಿಂದಲೇ ನಾರ್‌ಅಡ್ರಿನಾಲಿನ್ ಏರಿ ಸೋಲು ಖಂಡಿತವಾಗುತ್ತದೆ. ಪರೀಕ್ಷೆಯನ್ನೇ ರದ್ದು ಮಾಡಿದರೆ ಕಾಯುವುದಕ್ಕೆ ಏನೂ ಉಳಿಯುವುದಿಲ್ಲ.

ಅವರು ಕೊಟ್ಟ ಅಭ್ಯಾಸ ಸ್ಪರ್ಶದ್ದು. ವಾರಕ್ಕೆ ಎರಡು ಮೂರು ಸಲ, ಇಪ್ಪತ್ತು ನಿಮಿಷ ಒಬ್ಬರು ಮುಟ್ಟುವುದು, ಇನ್ನೊಬ್ಬರು ಸುಮ್ಮನಿರುವುದು, ಆಮೇಲೆ ಅದಲು ಬದಲು. ಮೊದಲ ಹಂತದಲ್ಲಿ ಎದೆ, ಗುಪ್ತಾಂಗ ಬೇಡ. ತಲೆ, ಬೆನ್ನು, ಕೈ, ಪಾದ. ಮುಟ್ಟುವವರು ಎದುರಿಗಿದ್ದವರನ್ನು ಉದ್ರೇಕಿಸಲು ಹೊರಡಬಾರದು, ತನ್ನ ಬೆರಳಿಗೆ ಏನು ತಿಳಿಯುತ್ತದೆ ಎಂದು ಗಮನಿಸಬೇಕು, ಅಷ್ಟೆ. ಇಲ್ಲಿ ಬೆಚ್ಚಗಿದೆ, ಇಲ್ಲಿ ಒರಟು, ಇಲ್ಲಿ ಮೆತ್ತಗೆ. ‘ಬೇಡ’ ಎಂದರೆ ಕೈ ತೆಗೆಯಬೇಕು. ಮುಂದಿನ ಹಂತಗಳಲ್ಲಿ ದೇಹದ ಉಳಿದ ಭಾಗ, ಕೊನೆಗೆ ಸೇರುವಿಕೆ, ಅದೂ ಅವಸರವಿಲ್ಲದೆ. ಇದೆಲ್ಲ ನಡೆಯಬೇಕಾದ್ದು ಮನೆಯಲ್ಲಿ, ಅವರಿಬ್ಬರ ನಡುವೆ. ಚಿಕಿತ್ಸಕರು ಮಾತು ಮಾತ್ರ ಆಡುತ್ತಾರೆ. ಚಿಕಿತ್ಸೆಯ ಹೆಸರಿನಲ್ಲಿ ಮೈ ಮುಟ್ಟಲು ಬರುವವರು, ಎದುರಿಗೆ ಮಾಡಿ ತೋರಿಸಿ ಎನ್ನುವವರು ಚಿಕಿತ್ಸಕರಲ್ಲ. ಎದ್ದು ಬರಬೇಕು, ದೂರು ಕೊಡಬೇಕು.

ನಡುಮನೆಯಲ್ಲಿ ಅತ್ತೆ ಮಲಗುವ ಮನೆಯಲ್ಲಿ ಇಪ್ಪತ್ತು ನಿಮಿಷ ಎಲ್ಲಿಂದ ತರುವುದು? ಪಶ್ಚಿಮದ ಪುಸ್ತಕಗಳು ಈ ಪ್ರಶ್ನೆಗೆ ಉತ್ತರ ಕೊಡುವುದಿಲ್ಲ, ನಮ್ಮ ಪದ್ಧತಿ ಕೊಡುತ್ತದೆ. ತಲೆಗೆ ಹರಳೆಣ್ಣೆ ಹಚ್ಚುವುದು ಯಾವ ಮನೆಯಲ್ಲೂ ನಾಚಿಕೆಯ ಕೆಲಸವಲ್ಲ. ಬಾಗಿಲು ಮುಚ್ಚಿ ಬೆನ್ನಿಗೆ ಎಣ್ಣೆ ತಿಕ್ಕಿದರೆ ಯಾರೂ ಪ್ರಶ್ನೆ ಕೇಳುವುದಿಲ್ಲ. ಬೆಳಗ್ಗೆ ಅತ್ತೆ ದೇವಸ್ಥಾನಕ್ಕೆ, ಮಕ್ಕಳು ಸ್ಕೂಲಿಗೆ ಹೋದ ಹೊತ್ತು ಹಾಸಿಗೆಯ ರಾತ್ರಿಗಿಂತ ಎಷ್ಟೋ ಒಳ್ಳೆಯದು.

ಹೆಂಗಸರ ಕಷ್ಟಗಳ ಬಗ್ಗೆ ಕನ್ನಡದಲ್ಲಿ ಮೊದಲು ಧೈರ್ಯವಾಗಿ ಬರೆದವರಲ್ಲಿ ಡಾ. ಅನುಪಮಾ ನಿರಂಜನ ಒಬ್ಬರು. ಅವರ ‘ದಾಂಪತ್ಯ ದೀಪಿಕೆ’ಯನ್ನು ಎಷ್ಟೋ ಮನೆಗಳಲ್ಲಿ ಬಟ್ಟೆಯ ಗಂಟಿನ ಕೆಳಗೆ ಬಚ್ಚಿಟ್ಟುಕೊಂಡು ಓದುತ್ತಿದ್ದರು. ಇನ್ನೂ ಹಿಂದೆ, 11ನೇ ಶತಮಾನದಲ್ಲೇ ಚಂದ್ರರಾಜ ಕನ್ನಡದಲ್ಲಿ ‘ಮದನತಿಲಕ’ ಎಂಬ ಕಾಮಶಾಸ್ತ್ರ ಬರೆದಿದ್ದ. 1930ರಲ್ಲಿ ಸರ್ಕಾರವೇ ಸಂತಾನ ನಿಯಂತ್ರಣದ ಕ್ಲಿನಿಕ್ ತೆರೆದದ್ದು ನಮ್ಮ ಮೈಸೂರು ಸಂಸ್ಥಾನದಲ್ಲಿ, ಜಗತ್ತಿಗೇ ಮೊದಲು. ಇಷ್ಟೆಲ್ಲ ಇತಿಹಾಸವಿರುವ ನಾಡಿನಲ್ಲಿ ಇವತ್ತಿಗೂ ಮದುವೆಯಾಗುವ ಹುಡುಗಿಗೆ ಭಗಾಂಕುರ ಎಂಬ ಅಂಗವಿದೆ, ಹೆಚ್ಚಿನ ಹೆಂಗಸರಿಗೆ ಸುಖದ ತುದಿ ಸಿಗುವುದು ಬರೀ ಒಳಸೇರುವುದರಿಂದಲ್ಲ, ಅದರ ಸ್ಪರ್ಶದಿಂದ ಎಂದು ಹೇಳುವವರಿಲ್ಲ.

ಮದುವೆಯಾಗಿ ವರ್ಷಗಳಾದರೂ ಸೇರಲಾಗದ ಜೋಡಿಗಳಿದ್ದಾರೆ. ಗಂಡ ಹತ್ತಿರ ಬಂದ ಕೂಡಲೇ ಅವಳ ಯೋನಿಯ ಸುತ್ತಲಿನ ಸ್ನಾಯುಗಳು ತಾವಾಗಿ ಬಿಗಿದುಕೊಳ್ಳುತ್ತವೆ. ಕಣ್ಣಿಗೆ ಧೂಳು ಬಂದಾಗ ರೆಪ್ಪೆ ಮುಚ್ಚಿದಂತೆ. ಅವಳು ಬೇಕೆಂದು ಮಾಡುವುದಲ್ಲ, ‘ಕೊಬ್ಬು’ ಅಲ್ಲ. ಮಕ್ಕಳಾಗಲಿಲ್ಲ ಎಂದು ಹರಕೆ ಹೊರಿಸಿ, ಬಂಜೆ ಎಂದು ಆಡಿಕೊಂಡು ಮೂರ್ನಾಲ್ಕು ವರ್ಷ ಕಳೆದಿರುತ್ತಾರೆ. ಇದು ಲೈಂಗಿಕ ಚಿಕಿತ್ಸೆ ತುಂಬ ಚೆನ್ನಾಗಿ ಫಲ ಕೊಡುವ ತೊಂದರೆಗಳಲ್ಲೊಂದು. ಉಸಿರಾಟ, ಆ ಸ್ನಾಯುಗಳನ್ನು ಬಿಗಿದು ಸಡಿಲ ಬಿಡುವ ಅಭ್ಯಾಸ, ಅವಳದೇ ಬೆರಳು ಅಥವಾ ಸಣ್ಣದರಿಂದ ದೊಡ್ಡದಕ್ಕೆ ಹೋಗುವ ನಯವಾದ ಸಾಧನಗಳು, ಎಲ್ಲವೂ ಅವಳ ಕೈಯಲ್ಲೇ, ಅವಳ ಗತಿಯಲ್ಲೇ. ಬಾಣಂತಿಗೆ, ಮುಟ್ಟು ನಿಂತವಳಿಗೆ ಒಣಗುವುದರಿಂದ ನೋವಾಗುತ್ತದೆ. ಅದಕ್ಕೆ ಜಾರುಕ ದ್ರವ ಇದೆ, ಹಚ್ಚುವ ಹಾರ್ಮೋನು ಇದೆ. (ಕಾಂಡೋಮ್ ಬಳಸುವವರು ಕೊಬ್ಬರಿ ಎಣ್ಣೆ ಹಚ್ಚಬಾರದು, ರಬ್ಬರ್ ಹರಿಯುತ್ತದೆ.) ಬಯಕೆ ಮೊದಲು ಹುಟ್ಟಿ ಆಮೇಲೆ ಸ್ಪರ್ಶ ಎಂಬ ಕ್ರಮವೂ ಎಲ್ಲರಿಗೂ ಒಂದೇ ಅಲ್ಲ. ಎಷ್ಟೋ ಹೆಂಗಸರಿಗೆ ಒಳ್ಳೆಯ ಸ್ಪರ್ಶ ಸಿಕ್ಕಿದ ಮೇಲೆ ಬಯಕೆ ಎಚ್ಚರವಾಗುತ್ತದೆ ಎಂದು ಕೆನಡಾದ ರೋಸ್‌ಮರಿ ಬ್ಯಾಸನ್ 2000ದಲ್ಲಿ ಬರೆದರು.

ಎಲ್ಲ ಕಷ್ಟವೂ ಹೀಗೆ ಕರಗುತ್ತದೆ ಎಂದು ನಾನು ಹೇಳಲಾರೆ. ಮಾಸ್ಟರ್ಸ್ ಮತ್ತು ಜಾನ್ಸನ್ ಹೇಳಿಕೊಂಡಷ್ಟು ಗೆಲುವು ಆಮೇಲಿನವರಿಗೆ ಸಿಗಲಿಲ್ಲ. ಸಕ್ಕರೆ ಕಾಯಿಲೆ ನರ ತಿಂದಲ್ಲಿ ಮಾತು, ಮಾತ್ರೆ ಎರಡೂ ಬೇಕು. ಕೆಲವರಿಗೆ ಪ್ರೀತಿಯೇ ಮುಗಿದಿರುತ್ತದೆ.

ಎಲ್ಲಿ ಹೋಗುವುದು? ‘ಸೆಕ್ಸಾಲಜಿಸ್ಟ್’ ಎಂದು ಬೋರ್ಡು ಹಾಕಿದವರನ್ನೆಲ್ಲ ನಂಬುವಂತಿಲ್ಲ. ಮನೋವೈದ್ಯರು, ನೋಂದಾಯಿತ ಚಿಕಿತ್ಸಾ ಮನಶ್ಶಾಸ್ತ್ರಜ್ಞರು, ಸ್ತ್ರೀರೋಗ ತಜ್ಞರು, ಮೂತ್ರರೋಗ ತಜ್ಞರು, ಇವರಲ್ಲಿ ಯಾರಿಂದಲಾದರೂ ಆರಂಭಿಸಬಹುದು. ರಾಜ್ಯದ ‘ಮನೋಚೈತನ್ಯ’ ಕಾರ್ಯಕ್ರಮದಲ್ಲಿ ಮಂಗಳವಾರಗಳಂದು ತಾಲ್ಲೂಕು ಆಸ್ಪತ್ರೆಗಳಿಗೆ ಮನೋವೈದ್ಯರು ಬರುತ್ತಾರೆ. ಮೈಸೂರಿನ ಬಸ್ಸು ಹತ್ತಲಾಗದವರಿಗೆ, ಮುಖ ತೋರಿಸಲು ಸಂಕೋಚವಿರುವವರಿಗೆ 14416 ಎಂಬ ಫೋನ್ ಸಂಖ್ಯೆ ಇದೆ. 2022ರ ಅಕ್ಟೋಬರಿನಲ್ಲಿ ಶುರುವಾದ ಟೆಲಿ-ಮಾನಸ್ ಸಹಾಯವಾಣಿ ಅದು, ಹಣ ಕೊಡಬೇಕಿಲ್ಲ, ಕನ್ನಡದಲ್ಲೇ ಮಾತಾಡಬಹುದು. ‘ಸುಸ್ತು’ ಎಂದೇ ಶುರು ಮಾಡಿದರೂ ಸರಿ.

ನಮ್ಮ ಜೋಡಿ ಮೂರನೆಯ ಸಲ ಬಂದಾಗ ಗಂಡನ ಮುಖ ಸಣ್ಣದಾಗಿತ್ತು. ಅಭ್ಯಾಸ ಕೆಟ್ಟಿತು ಎಂದ. ಏನಾಯಿತು ಎಂದು ಚಿಕಿತ್ಸಕರು ಹೆಂಡತಿಯನ್ನು ಕೇಳಿದರು. ‘ನಿಂಬೆಹಣ್ಣು ಹಾಕಿ ಕೈ ಉಜ್ಜಿ ತೊಳಕೊಂಡೆ. ನೆತ್ತಿಗೆ ಎಣ್ಣೆ ಹಚ್ಚಿ, ಕತ್ತಿನ ಹತ್ತಿರ ಬಂದಿದ್ದೆ. ಗೊರಕೆ ಹೊಡೀತಾ ಇದ್ರು. ಹಂಗೇ ನನ್ನ ತೊಡೆ ಮೇಲೆ ಮಲಗಿಬಿಟ್ರು. ಬೆಳಗಾಗೋವರೆಗೆ ಏಳಲಿಲ್ಲ.’

ಎಷ್ಟು ದಿನದ ಮೇಲೆ ಹಾಗೆ ಮಲಗಿದ್ದು ಎಂದು ಚಿಕಿತ್ಸಕರು ಕೇಳಿದರು. ಅವನು ಲೆಕ್ಕ ಹಾಕಲು ಹೋಗಿ ಸುಮ್ಮನಾದ. ಬೆಳಗ್ಗೆ ಏಳುವಾಗ ಹೇಗಿತ್ತು ಎಂದು ಇನ್ನೊಂದು ಪ್ರಶ್ನೆ ಬಂತು. ಅವನು ಹೆಂಡತಿಯ ಕಡೆ ನೋಡಿದ. ಆ ವರ್ಷದಲ್ಲಿ ಮೊದಲ ಬಾರಿಗೆ ಇಬ್ಬರೂ ಒಟ್ಟಿಗೆ ನಕ್ಕರು.